ತಗಡಿನ ಬಸವನಹುಳುವಿನ ಬಿಡಾರ: 2ಸಿವಿ ಕಾರು ಮಾಲೀಕರ ವಾರಾಂತ್ಯಗಳು

ಹಳೆಯ ಕಾರುಗಳ ಕೂಟ ಎಂದೊಡನೆ ನಮ್ಮ ನಗರವಾಸಿಗಳ ಕಣ್ಣೆದುರು ಬರುವುದು ಬಹುತೇಕ ಒಂದೇ ಚಿತ್ರ. ಅರಮನೆಯ ಅಂಗಳದಲ್ಲೋ ದೊಡ್ಡ ಹೋಟೆಲಿನ ಹುಲ್ಲುಹಾಸಿನ ಮೇಲೋ ಸಾಲಾಗಿ ನಿಂತ, ಕನ್ನಡಿಯಂತೆ ಹೊಳೆಯುವ ಕಾರುಗಳು. ಸುತ್ತ ಕಟ್ಟಿದ ಹಗ್ಗ. ‘ಮುಟ್ಟಬೇಡಿ’ ಎಂಬ ಫಲಕ. ಪಕ್ಕದಲ್ಲಿ ಮೃದುಬಟ್ಟೆ ಹಿಡಿದು ನಿಂತ ಚಾಲಕ. ಮಾಲೀಕರು ಮಧ್ಯಾಹ್ನದ ಊಟಕ್ಕೆ ಒಳಗೆ ಹೋಗುತ್ತಾರೆ, ಜನ ಹೊರಗೆ ಫೋಟೋ ತೆಗೆಸಿಕೊಳ್ಳುತ್ತಾರೆ.

ಬ್ರಿಟನ್ನಿನ ಯಾವುದಾದರೊಂದು ಹಳ್ಳಿಯ ಹುಲ್ಲುಗಾವಲಿನಲ್ಲಿ ಬೇಸಿಗೆಯ ಶನಿವಾರ ಕಾಣಸಿಗುವ ಇನ್ನೊಂದು ಕೂಟದ ಬಗೆ ಬೇರೆ. ಅಲ್ಲಿ ಕಾರಿನ ಸೀಟನ್ನೇ ಕಿತ್ತು ಹುಲ್ಲಿನ ಮೇಲಿಟ್ಟು, ಅದರ ಮೇಲೆ ಕುಳಿತು ಚಹಾ ಕುಡಿಯುವ ಮಾಲೀಕರಿದ್ದಾರೆ. ಕಾರಿನ ಮೇಲೆ ಹಿಂದಿನ ವಾರದ ಕೆಸರು ಹಾಗೆಯೇ ಇರುತ್ತದೆ. ಪಕ್ಕದಲ್ಲಿ ಗುಡಾರ, ಗುಡಾರದ ಹಗ್ಗದಲ್ಲಿ ಒದ್ದೆ ಟವೆಲು, ನಾಲ್ಕು ಹೆಜ್ಜೆ ಆಚೆ ಬಾನೆಟ್ ತೆಗೆದ ಇನ್ನೊಂದು ಕಾರು ಮತ್ತು ಅದರೊಳಗೆ ಬಗ್ಗಿದ ಐದು ತಲೆಗಳು. ಇದು ಸಿಟ್ರೊಯೆನ್ 2ಸಿವಿ ಎಂಬ ಫ್ರೆಂಚ್ ಕಾರಿನ ಮಾಲೀಕರ ಬಿಡಾರ.

ಈ ಕಾರಿನ ಉತ್ಪಾದನೆ ನಿಂತು ಮೂರೂವರೆ ದಶಕ ಕಳೆದಿದೆ. ಆದರೂ ಸಾವಿರಾರು 2ಸಿವಿಗಳು ಇಂದಿಗೂ ರಸ್ತೆಯ ಮೇಲಿವೆ. ವಸ್ತುಸಂಗ್ರಹಾಲಯಗಳು ಉಳಿಸಿಕೊಂಡಿರುವುದು ಅವುಗಳಲ್ಲಿ ಕೆಲವನ್ನು ಮಾತ್ರ. ಉಳಿದವನ್ನು ಓಡಿಸುತ್ತಿರುವುದು ತಿಂಗಳಿಗೊಮ್ಮೆ ಸೇರುವ ಸಣ್ಣ ಸಣ್ಣ ಕೂಟಗಳು ಮತ್ತು ಬೇಸಿಗೆಯ ಈ ಬಿಡಾರಗಳು. ಮೇಲ್ನೋಟಕ್ಕೆ ಬರೀ ಮೋಜಿನಂತೆ ಕಾಣುವ ಈ ವಾರಾಂತ್ಯಗಳೇ ಈ ಕಾರಿನ ಗ್ಯಾರೇಜು, ಪಾಠಶಾಲೆ ಮತ್ತು ಬಿಡಿಭಾಗಗಳ ಸಂತೆ.

ರೈತನಿಗೆಂದು ಹುಟ್ಟಿದ್ದು

2ಸಿವಿ ಎಂಬ ಹೆಸರಿನ ಅರ್ಥ ‘ಎರಡು ಕುದುರೆ’. ಫ್ರಾನ್ಸ್‌ನಲ್ಲಿ ವಾಹನ ತೆರಿಗೆಗಾಗಿ ಲೆಕ್ಕ ಹಾಕುತ್ತಿದ್ದ ಅಶ್ವಶಕ್ತಿಯ ಪ್ರಮಾಣವಿದು. ಎಂಜಿನ್ನಿನ ನಿಜವಾದ ಶಕ್ತಿ ಅಷ್ಟು ಕಡಿಮೆಯೇನಲ್ಲ. 1930ರ ದಶಕದಲ್ಲಿ ಸಿಟ್ರೊಯೆನ್ ಕಂಪೆನಿಯ ಮುಖ್ಯಸ್ಥರಾಗಿದ್ದ ಪಿಯೆರ್ ಜೂಲ್ಸ್ ಬೂಲಾಂಜೆ ತಮ್ಮ ಎಂಜಿನಿಯರುಗಳಿಗೆ ಕೊಟ್ಟ ಸೂಚನೆ ವಾಹನೋದ್ಯಮದಲ್ಲಿ ಇಂದಿಗೂ ದಂತಕಥೆ. ಮರದ ಪಾದರಕ್ಷೆ ತೊಟ್ಟ ಇಬ್ಬರು ರೈತರು ಮತ್ತು 50 ಕಿಲೋ ಆಲೂಗಡ್ಡೆಯನ್ನು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೊತ್ತೊಯ್ಯಬೇಕು. 100 ಕಿಲೋಮೀಟರಿಗೆ ಮೂರು ಲೀಟರಿಗಿಂತ ಹೆಚ್ಚು ಪೆಟ್ರೋಲ್ ಕುಡಿಯಬಾರದು. ಉತ್ತ ಹೊಲದ ಮೇಲೆ ಓಡಿಸಿದರೂ ಬುಟ್ಟಿಯಲ್ಲಿನ ಮೊಟ್ಟೆ ಒಡೆಯಬಾರದು.

1939ರಲ್ಲಿ ಸುಮಾರು 250 ಮಾದರಿ ಕಾರುಗಳು ಸಿದ್ಧವಾಗುವ ಹೊತ್ತಿಗೆ ಯುದ್ಧ ಆರಂಭವಾಯಿತು. ಜರ್ಮನ್ನರ ಕೈಗೆ ಸಿಗಬಾರದೆಂದು ಬಹುಪಾಲನ್ನು ನಾಶ ಮಾಡಲಾಯಿತು, ಕೆಲವನ್ನು ಬಚ್ಚಿಡಲಾಯಿತು. ಅವುಗಳಲ್ಲಿ ಮೂರು 1990ರ ದಶಕದಲ್ಲಿ ಒಂದು ಹಳೆಯ ಕೊಟ್ಟಿಗೆಯ ಅಟ್ಟದಲ್ಲಿ ಸಿಕ್ಕಿದ್ದು ಈ ಕಾರಿನ ಅಭಿಮಾನಿಗಳಿಗೆ ನಿಧಿ ಸಿಕ್ಕಷ್ಟೇ ಸಂಭ್ರಮದ ಸಂಗತಿಯಾಗಿತ್ತು. ಯುದ್ಧಾನಂತರ, 1948ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಕಾರು ಬಹಿರಂಗಗೊಂಡಿತು. 375 ಸಿಸಿಯ, ಎರಡು ಸಿಲಿಂಡರ್‌ಗಳ, ಗಾಳಿಯಿಂದಲೇ ತಣಿಯುವ ಎಂಜಿನ್, 9 ಅಶ್ವಶಕ್ತಿ, ಬಣ್ಣ ಬೂದು ಒಂದೇ. ಪತ್ರಕರ್ತರು ನಕ್ಕರು. ಕೊಳ್ಳುವವರು ಮಾತ್ರ ವರ್ಷಗಟ್ಟಲೆ ಸರದಿಯಲ್ಲಿ ಕಾದರು. 1990ರ ಜುಲೈ 27ರಂದು ಪೋರ್ಚುಗಲ್‌ನ ಮಂಗ್ವಾಲ್ಡೆ ಕಾರ್ಖಾನೆಯಿಂದ ಕೊನೆಯ ಕಾರು ಹೊರಬರುವ ವೇಳೆಗೆ 38 ಲಕ್ಷಕ್ಕೂ ಹೆಚ್ಚು 2ಸಿವಿಗಳು ತಯಾರಾಗಿದ್ದವು. ಇದೇ ಚಾಸಿಯ ಸರಕು ವ್ಯಾನುಗಳನ್ನೂ ಸೇರಿಸಿದರೆ ಸಂಖ್ಯೆ 50 ಲಕ್ಷ ಮೀರುತ್ತದೆ.

ರೈತನಿಗಾಗಿ ಮಾಡಿದ ಈ ಏರ್ಪಾಡುಗಳೇ ಮುಂದೆ ಬಿಡಾರ ಹೂಡುವವರಿಗೆ ವರವಾದವು. ಕೊಳವೆಯ ಚೌಕಟ್ಟಿಗೆ ಬಟ್ಟೆ ಬಿಗಿದ ಸೀಟುಗಳು ಉಪಕರಣದ ಹಂಗಿಲ್ಲದೆ ಕಳಚಿ ಬರುತ್ತವೆ. ಅವನ್ನು ತೆಗೆದರೆ ಹೊರಗೆ ಕೂರಲು ಆಸನ, ಒಳಗೆ ಸಾಮಾನಿಗೆ ಜಾಗ. ಕ್ಯಾನ್ವಾಸ್ ಛಾವಣಿಯನ್ನು ಚಾಪೆಯಂತೆ ಸುತ್ತಿ ಹಿಂದಕ್ಕೆ ಸರಿಸಬಹುದು. ಬಾಗಿಲಲ್ಲಿ ಹಿಡಿಸದ ಮಂಚದ ಚೌಕಟ್ಟನ್ನೂ ಮೇಲಿನಿಂದ ಇಳಿಸಬಹುದು. ಹಳ್ಳ ದಿಣ್ಣೆಗಳ ಗದ್ದೆಗೆ ಹೊಸ ಕಾಲದ ಕಾರುಗಳು ಅಂಜುತ್ತವೆ. ಮುಂದಿನ ಮತ್ತು ಹಿಂದಿನ ಚಕ್ರಗಳ ಸ್ಪ್ರಿಂಗುಗಳು ಒಂದಕ್ಕೊಂದು ಕೊಂಡಿಯಾಗಿರುವ 2ಸಿವಿ ಅಲ್ಲಿ ತೊಟ್ಟಿಲಿನಂತೆ ತೂಗುತ್ತ ಸಾಗುತ್ತದೆ. ಬ್ಯಾಟರಿ ಕೈಕೊಟ್ಟರೆ, ನಮ್ಮ ಹಳೆಯ ಬಸ್ಸು ಲಾರಿಗಳಂತೆ, ಮುಂದೆ ನಿಂತು ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡಬಹುದು. ಚಕ್ರದ ನಟ್ಟು ಬಿಚ್ಚುವುದಕ್ಕೂ ಜಾಕ್ ಎತ್ತುವುದಕ್ಕೂ ಅದೇ ಹ್ಯಾಂಡಲ್.

ಈ ಕಾರಿಗೆ ಊರೂರಲ್ಲಿ ಒಂದೊಂದು ಅಡ್ಡಹೆಸರು. ಜರ್ಮನ್ನರಿಗೆ ಇದು ಬಾತುಕೋಳಿ, ಡಚ್ಚರಿಗೆ ಕುರೂಪಿ ಬಾತುಕೋಳಿ. ಕ್ಯಾನ್ವಾಸ್ ಛಾವಣಿಯನ್ನು ಕಂಡ ಫಿನ್ಲೆಂಡ್ ಜನ ‘ಚಿಂದಿಬಟ್ಟೆಯ ಸಿಟ್ರೊಯೆನ್’ ಎಂದರು. ಇಂಗ್ಲಿಷರು ‘ತಗಡಿನ ಬಸವನಹುಳು’ ಎಂದು ಕರೆದರು. ಬೆನ್ನ ಮೇಲೆ ಮನೆ ಹೊತ್ತು ನಿಧಾನವಾಗಿ ತೆವಳುವ ಜೀವಿಯ ಹೆಸರು ಬಿಡಾರದ ದಿನಗಳಲ್ಲಿ ಈ ಕಾರಿಗೆ ಅಕ್ಷರಶಃ ಒಪ್ಪುತ್ತದೆ.

ಕ್ಲಬ್ಬಿನ ಹುಟ್ಟು

ಬ್ರಿಟನ್ನಿಗೆ 2ಸಿವಿ ಎರಡು ಬಾರಿ ಬಂದಿತು. 1953ರಿಂದ ಕೆಲಕಾಲ ಲಂಡನ್ ಸಮೀಪದ ಸ್ಲೌ ಕಾರ್ಖಾನೆಯಲ್ಲಿ ತಯಾರಾದರೂ ಅದು ಅಲ್ಲಿನ ಗ್ರಾಹಕರಿಗೆ ರುಚಿಸಲಿಲ್ಲ. ಮಾರಿಸ್ ಮೈನರ್‌ನಂಥ ‘ಸಭ್ಯ’ ಕಾರು ಅದೇ ಸುಮಾರಿನ ಬೆಲೆಗೆ ಸಿಗುವಾಗ ಈ ಅಲೆತಗಡಿನ ಪೆಟ್ಟಿಗೆಯನ್ನು ಯಾರು ಕೊಂಡಾರು? ಅರಬ್ ರಾಷ್ಟ್ರಗಳ ತೈಲ ನಿರ್ಬಂಧದ ಬೆನ್ನಲ್ಲೇ, 1974ರಲ್ಲಿ, ಕಾರು ಮತ್ತೆ ಬ್ರಿಟನ್ ಮಾರುಕಟ್ಟೆಗೆ ಬಂತು. ಈ ಬಾರಿ ಕೊಂಡವರು ಕೈಯಲ್ಲಿ ಕಾಸು ಕಡಿಮೆಯಿದ್ದ ಶಿಕ್ಷಕರು, ದಾದಿಯರು, ವಿದ್ಯಾರ್ಥಿಗಳು, ಕಲಾವಿದರು. ಹಿಂಬದಿಯಲ್ಲಿ ಅಣುವಿದ್ಯುತ್ ವಿರೋಧಿ ಸ್ಟಿಕ್ಕರ್ ಅಂಟಿಸಿಕೊಂಡ 2ಸಿವಿ ಆ ಕಾಲದ ಸಾಮಾನ್ಯ ನೋಟವಾಗಿತ್ತು. ‘ಡೂ ಶೆವೋ ಕ್ಲಬ್ ಆಫ್ ಗ್ರೇಟ್ ಬ್ರಿಟನ್’ 1978ರಲ್ಲಿ ಸ್ಥಾಪನೆಯಾಯಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಬಹುತೇಕ ಹಳೆಯ ಕಾರುಗಳ ಕ್ಲಬ್‌ಗಳು ಹುಟ್ಟಿದ್ದು ಕಾರು ಹಳೆಯದಾದ ಮೇಲೆ. ಈ ಕ್ಲಬ್ ಹುಟ್ಟಿದಾಗ 2ಸಿವಿ ಷೋರೂಮಿನಲ್ಲಿ ಹೊಸದಾಗಿ ಸಿಗುತ್ತಿತ್ತು. ಅಂದರೆ ಜನ ಕೂಡಿದ್ದು ಗತವೈಭವವನ್ನು ನೆನೆಯಲಲ್ಲ, ದಿನನಿತ್ಯದ ಓಡಾಟದ ತಾಪತ್ರಯಗಳನ್ನು ಹಂಚಿಕೊಳ್ಳಲು. ಆ ಮೂಲಗುಣ ಇನ್ನೂ ಮಾಸಿಲ್ಲ. ಕಾರು ಎಷ್ಟು ಅಚ್ಚುಕಟ್ಟಾಗಿದೆ ಎಂಬುದಕ್ಕಿಂತ ಎಷ್ಟು ದೂರದಿಂದ ಓಡಿಸಿಕೊಂಡು ಬಂದಿರಿ ಎಂಬ ಪ್ರಶ್ನೆಗೆ ಇಲ್ಲಿ ತೂಕ ಹೆಚ್ಚು. ಲಾರಿಯ ಮೇಲೇರಿಸಿ ತಂದ ಕಾರಿಗೆ ಸಿಗುವುದು ಒಂದು ನಸುನಗೆ ಮಾತ್ರ.

ಕ್ಲಬ್ಬಿನ ರಚನೆ ಸರಳ. ರಾಷ್ಟ್ರಮಟ್ಟದ ಒಂದು ಸಮಿತಿ, ಸದಸ್ಯರಿಗೆ ಅಂಚೆಯಲ್ಲಿ ಬರುವ ಪತ್ರಿಕೆ, ಅದರಡಿ ಪ್ರಾಂತ್ಯವಾರು ಸ್ಥಳೀಯ ಗುಂಪುಗಳು. ಸ್ಥಳೀಯ ಗುಂಪು ತಿಂಗಳ ಗೊತ್ತಾದ ದಿನ ಸಂಜೆ ಯಾವುದಾದರೂ ಪಬ್ಬಿನಲ್ಲಿ ಸೇರುತ್ತದೆ. ಚಳಿಗಾಲದಲ್ಲಿ ಕೂಟ ಪಬ್ಬಿಗೆ ಸೀಮಿತ. ವಸಂತ ಕಾಲಿಡುತ್ತಿದ್ದಂತೆ ಬಿಡಾರಗಳ ಪಟ್ಟಿ ಹೊರಬೀಳುತ್ತದೆ. ಒಂದೊಂದು ಗುಂಪು ಒಂದೊಂದು ವಾರಾಂತ್ಯದ ಆತಿಥ್ಯ ವಹಿಸುತ್ತದೆ, ಉಳಿದ ಗುಂಪುಗಳವರು ಅತಿಥಿಗಳಾಗಿ ಹೋಗುತ್ತಾರೆ. ನಮ್ಮ ಹಳ್ಳಿಗಳಲ್ಲಿ ಒಂದೂರಿನ ಜಾತ್ರೆಗೆ ಇನ್ನೊಂದೂರಿನವರು ಹೋಗುವಂತೆಯೇ. ಸಂಬಳ ಪಡೆಯುವವರು ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ. ಲೆಕ್ಕ ಬರೆಯುವವರು, ಪತ್ರಿಕೆ ಸಂಪಾದಿಸುವವರು, ಶೌಚಾಲಯದ ವ್ಯವಸ್ಥೆ ನೋಡಿಕೊಳ್ಳುವವರು ಎಲ್ಲರೂ ಸ್ವಯಂಸೇವಕರು.

ಶುಕ್ರವಾರದಿಂದ ಭಾನುವಾರ

ಬಿಡಾರಕ್ಕೆ ಬೇಕಾದುದು ಒಂದು ಹುಲ್ಲುಗಾವಲು, ನೀರಿನ ನಲ್ಲಿ, ಶೌಚಾಲಯ ಮತ್ತು ನಡೆದುಹೋಗುವ ದೂರದಲ್ಲಿ ಒಂದು ಪಬ್. ಹೊಲದ ಮಾಲೀಕನಿಂದಲೋ ಊರಿನ ಕ್ರೀಡಾ ಕ್ಲಬ್ಬಿನಿಂದಲೋ ಜಾಗವನ್ನು ಬಾಡಿಗೆಗೆ ಪಡೆಯುತ್ತಾರೆ. ತಲೆಗಿಷ್ಟು ಎಂದು ಅಲ್ಪ ಶುಲ್ಕ. ಶುಕ್ರವಾರ ಕೆಲಸ ಮುಗಿಸಿ ಹೊರಟವರು ಕತ್ತಲಾಗುವವರೆಗೂ ಒಬ್ಬೊಬ್ಬರಾಗಿ ಬರುತ್ತಲೇ ಇರುತ್ತಾರೆ. ಎರಡು ಸಿಲಿಂಡರಿನ ಎಂಜಿನ್ ಸದ್ದು ದೂರದಿಂದಲೇ ಗುರುತು ಸಿಗುವಂಥದ್ದು. ಬಂದವರನ್ನು ಎದುರುಗೊಂಡು ಗುಡಾರ ಹಾಕಲು ನೆರವಾಗುವುದು ಇಲ್ಲಿನ ಬರೆಯದ ನಿಯಮ. ತಡವಾಗಿ ಬಂದವರ ಮುಂದೆ ಮೊದಲು ಬರುವುದು ಬಿಸಿ ಸೂಪು, ಆಮೇಲೆ ಪ್ರಶ್ನೆ: ‘ದಾರಿಯಲ್ಲಿ ಏನು ಕೆಟ್ಟಿತು?’

ಸಣ್ಣ ಬಿಡಾರಕ್ಕೆ ಹತ್ತು ಹದಿನೈದು ಕಾರುಗಳು ಬಂದರೂ ಸಾಕು. ರಾಷ್ಟ್ರೀಯ ಕೂಟಕ್ಕೆ ನೂರಾರು ಬರುತ್ತವೆ. ಕೆಲವರು 2ಸಿವಿಯ ವ್ಯಾನ್ ರೂಪದಲ್ಲಿ ಹಾಸಿಗೆ ಹಾಸಿಕೊಂಡು ಅದರಲ್ಲೇ ಮಲಗುತ್ತಾರೆ. ಪುಟ್ಟ ಟ್ರೇಲರ್ ಎಳೆದುಕೊಂಡು ಬರುವವರೂ ಉಂಟು. 602 ಸಿಸಿಯ, 29 ಅಶ್ವಶಕ್ತಿಯ ಎಂಜಿನ್ ಅದನ್ನು ಗುಡ್ಡದ ಮೇಲೆ ಎಳೆಯುವಾಗ ಹಿಂದೆ ಸಾಲುಗಟ್ಟುವ ವಾಹನಗಳ ಚಾಲಕರ ಮುಖ ನೋಡಬೇಕು.

ಶನಿವಾರ ಬೆಳಿಗ್ಗೆ ಬಿಡಾರ ಏಳುವುದು ತಡ. ಬೇಕನ್ ಹುರಿಯುವ ವಾಸನೆ, ಮಕ್ಕಳ ಗಲಾಟೆ, ಎಲ್ಲೋ ಸುತ್ತಿಗೆಯ ಸದ್ದು. ಹತ್ತು ಗಂಟೆಯ ಸುಮಾರಿಗೆ ‘ಸವಾರಿ’ ಹೊರಡುತ್ತದೆ. ಆತಿಥೇಯ ಗುಂಪು ಮೊದಲೇ ಗುರುತಿಸಿದ ಕಿರಿದಾದ ಹಳ್ಳಿರಸ್ತೆಗಳಲ್ಲಿ ಮೂವತ್ತು ನಲವತ್ತು ಮೈಲಿಗಳ ಸುತ್ತು. ಹೆದ್ದಾರಿಯನ್ನು ಆದಷ್ಟೂ ದೂರವಿಡುತ್ತಾರೆ. ದಾರಿಯುದ್ದಕ್ಕೂ ಒಗಟಿನಂಥ ಪ್ರಶ್ನೆಗಳಿಗೆ ಉತ್ತರ ಹುಡುಕುವ ಆಟವೂ ಇರುವುದುಂಟು: ಇಗರ್ಜಿಯ ಗೋಪುರದ ಮೇಲಿನ ಹಕ್ಕಿ ಯಾವುದು, ಹಳೆಯ ಮೈಲಿಗಲ್ಲಿನ ಮೇಲೆ ಬರೆದ ಊರು ಯಾವುದು, ಹೀಗೆ. ಛಾವಣಿ ಸುತ್ತಿಟ್ಟ ಹತ್ತಿಪ್ಪತ್ತು ಕಾರುಗಳು ಸಾಲಾಗಿ ಹಾದುಹೋಗುವಾಗ ಹಳ್ಳಿಯ ಜನ ಬೇಲಿಯ ಬಳಿ ಬಂದು ಕೈಬೀಸುತ್ತಾರೆ. ಎದುರಿನಿಂದ ಅಪರಿಚಿತ 2ಸಿವಿ ಬಂದರಂತೂ ಕೈಬೀಸದೆ ಹೋಗುವುದು ಅಸಭ್ಯತೆ.

ಮಧ್ಯಾಹ್ನದ ಮೇಲೆ ಆಟೋಟಗಳು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಚಾಲಕನಿಗೆ ಪಕ್ಕದಲ್ಲಿ ಕುಳಿತವರು ದಾರಿ ಹೇಳುವುದು, ಬೂಲಾಂಜೆಯವರ ಸೂಚನೆಯ ನೆನಪಿಗೆ ಮೊಟ್ಟೆಯ ಬುಟ್ಟಿಯನ್ನಿಟ್ಟುಕೊಂಡು ಗದ್ದೆ ಸುತ್ತುವುದು ಇತ್ಯಾದಿ. ಯೂರೋಪಿನ ದೊಡ್ಡ ಕೂಟಗಳಲ್ಲಿ ಇಡೀ ಕಾರನ್ನು ಬಿಚ್ಚಿ ಮರುಜೋಡಿಸುವ ಪ್ರದರ್ಶನ ಜನಪ್ರಿಯ. ನಾಲ್ಕಾರು ಮಂದಿ ಬಾಗಿಲು, ಬಾನೆಟ್, ಮಡ್‌ಗಾರ್ಡ್‌ಗಳನ್ನು ಸರಸರನೆ ಕಳಚಿ ಹುಲ್ಲಿನ ಮೇಲೆ ಹರಡಿ, ಮತ್ತೆ ಕೂಡಿಸಿ, ಎಂಜಿನ್ ಸ್ಟಾರ್ಟ್ ಮಾಡಿ ಓಡಿಸಿಕೊಂಡು ಹೋಗುತ್ತಾರೆ. ನೋಡುವವರಿಗೆ ಇದು ದೊಂಬರಾಟ. ಮಾಡುವವರಿಗೆ ನಿತ್ಯದ ಅಭ್ಯಾಸ.

ಸಂಜೆ ಎಲ್ಲರೂ ತಂದ ಆಹಾರವನ್ನು ಉದ್ದನೆಯ ಮೇಜಿನ ಮೇಲಿಟ್ಟು ಹಂಚಿಕೊಳ್ಳುವುದುಂಟು. ಕೆಂಡದ ಒಲೆ, ಗಿಟಾರು, ಲಾಟರಿ ಚೀಟಿಯ ಬಹುಮಾನ. ಬಹುಮಾನ ಎಂದರೆ ಒಂದು ಬಾಟಲಿ ವೈನ್, ಅಥವಾ ಅದಕ್ಕಿಂತಲೂ ಬೆಲೆಯುಳ್ಳದ್ದೆಂದು ಭಾವಿಸುವ, ಹಳೆಯದಾದರೂ ಬಳಸದೆ ಉಳಿದ ಒಂದು ಕಾರ್ಬ್ಯುರೇಟರ್. ಮಳೆ ಬಂದರೆ? ಬ್ರಿಟನ್ನಿನಲ್ಲಿ ಬರುವುದೇ ಹೆಚ್ಚು. ಆಗ ದೊಡ್ಡ ಗುಡಾರವೊಂದರಡಿ ಎಲ್ಲರೂ ನುಸುಳಿಕೊಳ್ಳುತ್ತಾರೆ. ಮರುದಿನ ಕೆಸರಿನಲ್ಲಿ ಹೂತ ಕಾರನ್ನು ನಾಲ್ವರು ಸೇರಿ ಎತ್ತಿ ಆಚೆಗಿಡುವುದು ಹೆಚ್ಚೂಕಡಿಮೆ 600 ಕಿಲೋ ತೂಕದ ಈ ಕಾರಿಗೆ ಅಸಾಧ್ಯವೇನಲ್ಲ.

ಹೀಗೆ ವರ್ಷಾನುಗಟ್ಟಲೆ ಒಂದೇ ಗದ್ದೆಯಲ್ಲಿ ಮಲಗಿ ಎದ್ದವರ ನಡುವೆ ಬೆಳೆಯುವ ನಂಟು ಕಾರಿನ ಮಾತನ್ನು ಮೀರುತ್ತದೆ. ಬಿಡಾರದಲ್ಲಿ ಪರಿಚಯವಾಗಿ ಮದುವೆಯಾದವರ ದಿಬ್ಬಣ 2ಸಿವಿಗಳಲ್ಲೇ ಸಾಗುತ್ತದೆ. ಹಿರಿಯ ಸದಸ್ಯರ ಅಂತಿಮಯಾತ್ರೆಯಲ್ಲೂ ಅವೇ ಕಾರುಗಳು ಹಿಂದೆ ಬರುತ್ತವೆ.

ಬಾನೆಟ್ಟಿನ ಕೆಳಗಿನ ಪಾಠಶಾಲೆ

ಬಿಡಾರದ ಅಸಲು ಕಸುಬು ನಡೆಯುವುದು ಶನಿವಾರ ಬೆಳಿಗ್ಗೆ, ಸವಾರಿಗೆ ಮುನ್ನ ಮತ್ತು ಸವಾರಿಯ ನಂತರ. ಇದರ ಮಹತ್ವ ತಿಳಿಯಬೇಕಾದರೆ ಕಾರಿನ ಕೆಲವು ವಿಚಿತ್ರಗಳನ್ನು ಅರಿಯಬೇಕು.

ಮೊದಲನೆಯದು ಬ್ರೇಕ್. 1981ರ ಮಧ್ಯಭಾಗದಿಂದ 2ಸಿವಿಯ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಬಂತು. ಅದರೊಂದಿಗೆ ಬ್ರೇಕಿನ ದ್ರವವೂ ಬದಲಾಯಿತು. ಡ್ರಮ್ ಬ್ರೇಕಿನ ಹಳೆಯ ಕಾರುಗಳಿಗೆ ಎಲ್ಲ ಕಾರುಗಳಂತೆ ಮಾಮೂಲಿ ಬ್ರೇಕ್ ಆಯಿಲ್. ಡಿಸ್ಕ್ ಬಂದ ಮೇಲಿನ ಕಾರುಗಳಿಗೆ ಸಿಟ್ರೊಯೆನ್‌ನ ದೊಡ್ಡ ಕಾರುಗಳಲ್ಲಿ ಬಳಸುವ ಹಸಿರು ಬಣ್ಣದ ಖನಿಜ ತೈಲ. ಊರಿನ ಸಾಮಾನ್ಯ ಮೆಕ್ಯಾನಿಕ್ ಅಭ್ಯಾಸಬಲದಿಂದ ಮಾಮೂಲಿ ಆಯಿಲ್ ಸುರಿದನೆಂದರೆ ಒಳಗಿನ ರಬ್ಬರ್ ಸೀಲುಗಳು ಹಾಳಾಗಿ ಬ್ರೇಕೇ ಕೈಕೊಡಬಹುದು. ಇದು ಕೈಪಿಡಿಯಲ್ಲಿದೆ ನಿಜ. ಆದರೆ ಹೊಸದಾಗಿ ಕೊಂಡವರಿಗೆ ಕೈಪಿಡಿಯ ಪುಟ ತೆರೆಯುವ ಮುನ್ನವೇ ಇದನ್ನು ಹೇಳುವವರು ಪಕ್ಕದ ಗುಡಾರದವರು.

ಇನ್ನೊಂದು, ಮುಂದಿನ ಬ್ರೇಕುಗಳು ಚಕ್ರದ ಬಳಿಯಿಲ್ಲ, ಗೇರ್‌ಬಾಕ್ಸಿಗೆ ಅಂಟಿಕೊಂಡಿವೆ. ಬ್ರೇಕ್ ಪ್ಯಾಡ್ ಬದಲಿಸಲು ಚಕ್ರ ಬಿಚ್ಚಿದವರು ಅಲ್ಲಿ ಏನೂ ಕಾಣದೆ ಕಕ್ಕಾಬಿಕ್ಕಿಯಾಗುತ್ತಾರೆ. ಹ್ಯಾಂಡ್‌ಬ್ರೇಕ್ ಕೂಡ ಮುಂದಿನ ಚಕ್ರಗಳಿಗೇ. ಮುಂದಿನ ಚಕ್ರ ತಿರುಗುವ ಕಿಂಗ್‌ಪಿನ್ನುಗಳಿಗೆ ಸುಮಾರು ಸಾವಿರ ಕಿಲೋಮೀಟರಿಗೊಮ್ಮೆ ಗ್ರೀಸ್ ಹೊಡೆಯಬೇಕು. ಮರೆತರೆ ಸವೆದು, ದುಬಾರಿ ರಿಪೇರಿ ಕಾದಿರುತ್ತದೆ. ರೇಡಿಯೇಟರ್ ಇಲ್ಲದ ಎಂಜಿನ್ ಬಿಸಿಯಾಗುವುದಿಲ್ಲ ಎಂದುಕೊಳ್ಳುವಂತಿಲ್ಲ. ಫ್ಯಾನಿನ ಹಿಂದಿರುವ ಆಯಿಲ್ ಕೂಲರ್‌ನಲ್ಲಿ ಒಣ ಎಲೆ, ಧೂಳು ತುಂಬಿದರೆ, ಅಥವಾ ಚಳಿಗಾಲದಲ್ಲಿ ನಿಲ್ಲಿಸಿದ್ದ ಕಾರಿನೊಳಗೆ ಇಲಿ ಗೂಡು ಕಟ್ಟಿದರೆ, ಎಂಜಿನ್ ಬೆಂದುಹೋಗುತ್ತದೆ.

ಎಲ್ಲಕ್ಕಿಂತ ದೊಡ್ಡ ಶತ್ರು ತುಕ್ಕು. ತೆಳು ತಗಡಿನ ಪೆಟ್ಟಿಗೆಯಂಥ ಚಾಸಿ ಒಳಗಿನಿಂದ ಕೊರೆದುಹೋಗುತ್ತದೆ. ಹೊರಗಿನ ಬಣ್ಣ ಹೊಳೆಯುತ್ತಿರುವಾಗಲೇ ಒಳಗೆ ಟೊಳ್ಳಾಗಿರುತ್ತದೆ. ಬಾಗಿಲು ಹಾಕುವಾಗ ಅದರ ಅಂಚಿನ ಸಂದು ಮೇಲೆ ಅಗಲ, ಕೆಳಗೆ ಕಿರಿದಾಗಿದ್ದರೆ ಚಾಸಿ ಬಾಗಿದೆ ಎಂದು ಅನುಭವಿಗಳು ನಿಂತಲ್ಲೇ ಹೇಳುತ್ತಾರೆ. ಕಾರು ಕೊಳ್ಳುವ ಮುನ್ನ ಇಂಥ ಒಬ್ಬರನ್ನು ಜೊತೆಗೆ ಕರೆದೊಯ್ಯುವ ಪರಿಪಾಠ ಸದಸ್ಯರಲ್ಲಿದೆ. ನಮ್ಮಲ್ಲಿ ಎತ್ತು ಕೊಳ್ಳಲು ಸಂತೆಗೆ ಹಿರಿಯರನ್ನು ಕರೆದೊಯ್ದಂತೆ. ಈಗ ಸತುವಿನ ಲೇಪವಿರುವ ಹೊಸ ಚಾಸಿಗಳನ್ನು ಕೆಲವು ತಜ್ಞ ತಯಾರಕರು ಮಾಡಿಕೊಡುತ್ತಾರೆ. ಕಾರಿನ ಮೇಲ್ಮೈಯನ್ನು ಬೋಲ್ಟ್ ಬಿಚ್ಚಿ ಎತ್ತಿ ಹೊಸ ಚಾಸಿಯ ಮೇಲೆ ಕೂರಿಸುವುದು ಗುಂಪಿನ ಕೆಲಸ. ಅದಕ್ಕೂ ಒಂದು ವಾರಾಂತ್ಯ ಗೊತ್ತುಮಾಡಿಕೊಂಡು ಐದಾರು ಮಂದಿ ಸೇರುತ್ತಾರೆ.

ಬಿಡಾರದ ಮೂಲೆಯಲ್ಲಿ ಕಂಬಳಿ ಹಾಸಿ ಹಳೆಯ ಬಿಡಿಭಾಗ ಮಾರುವವರು, ಬದಲಾಯಿಸಿಕೊಳ್ಳುವವರು ಇರುತ್ತಾರೆ. ಉತ್ಪಾದನೆ ನಿಂತ ಕಾರಾದರೂ 2ಸಿವಿಗೆ ಬಿಡಿಭಾಗ ಸಿಗುವುದು ಕಷ್ಟವಲ್ಲ ಎಂಬುದು ಅಚ್ಚರಿಯ ಸಂಗತಿ. ಫ್ರಾನ್ಸ್, ನೆದರ್ಲೆಂಡ್ಸ್, ಬ್ರಿಟನ್‌ಗಳಲ್ಲಿ ಸಣ್ಣ ಉದ್ಯಮಗಳು ಮಡ್‌ಗಾರ್ಡಿನಿಂದ ಸೀಟಿನ ಬಟ್ಟೆಯವರೆಗೆ ಹೊಸದಾಗಿ ತಯಾರಿಸುತ್ತಿವೆ. ಓಡುವ ಕಾರುಗಳು ಇರುವತನಕ ಈ ಉದ್ಯಮಗಳಿಗೆ ಗಿರಾಕಿ; ಈ ಉದ್ಯಮಗಳು ಇರುವತನಕ ಕಾರುಗಳ ಓಟ. ಷೆಡ್ಡಿನಲ್ಲಿ ಮುಸುಕು ಹಾಕಿಟ್ಟ ಕಾರಿಗೆ ಬ್ರೇಕ್ ಪ್ಯಾಡ್ ಬೇಡ, ಟಯರ್ ಬೇಡ. ಹಾಗಾಗಿ ಬೇಸಿಗೆಯ ಈ ತಿರುಗಾಟವೇ ಬಿಡಿಭಾಗದ ವ್ಯಾಪಾರವನ್ನು ಜೀವಂತವಾಗಿಟ್ಟಿದೆ ಎಂದರೆ ತಪ್ಪಾಗದು.

ದೂರದ ದಾರಿ

ಬಿಡಾರದ ಈ ಚಟಕ್ಕೆ ಹಳೆಯ ಬೇರುಗಳಿವೆ. ಜಾಕ್ ಸೆಗೆಲಾ ಮತ್ತು ಜಾನ್ ಕ್ಲೋಡ್ ಬೋದೋ ಎಂಬ ಇಬ್ಬರು ಫ್ರೆಂಚ್ ತರುಣರು 1958–59ರಲ್ಲಿ 2ಸಿವಿಯಲ್ಲಿ ಒಂದು ಲಕ್ಷ ಕಿಲೋಮೀಟರ್ ಸುತ್ತಿ ಭೂಪ್ರದಕ್ಷಿಣೆ ಮುಗಿಸಿದರು. ಚಿಲಿಯ ಮರುಭೂಮಿಯಲ್ಲಿ ಗೇರ್‌ಬಾಕ್ಸಿನ ಆಯಿಲ್ ಸೋರಿಹೋದಾಗ ಬಾಳೆಹಣ್ಣು ತುಂಬಿ ಓಡಿಸಿದ ಅವರ ಕಥೆಯನ್ನು ಕೇಳದ 2ಸಿವಿ ಅಭಿಮಾನಿ ಇಲ್ಲ. ಸೆಗೆಲಾ ಮುಂದೆ ಜಾಹೀರಾತು ಲೋಕದ ದೊಡ್ಡ ಹೆಸರಾದರು. 1981ರಲ್ಲಿ ಫ್ರಾನ್ಸಿನ ಅಧ್ಯಕ್ಷರಾಗಿ ಆಯ್ಕೆಯಾದ ಫ್ರಾನ್ಸ್ವಾ ಮಿತ್ತೆರಾಂ ಅವರ ಪ್ರಚಾರದ ಹಿಂದಿನ ಮಿದುಳು ಅವರದೇ.

ಸಿಟ್ರೊಯೆನ್ ಕಂಪೆನಿಯೂ ಈ ಉತ್ಸಾಹಕ್ಕೆ ನೀರೆರೆಯಿತು. 1970ರಲ್ಲಿ ಪ್ಯಾರಿಸ್‌ನಿಂದ ಕಾಬೂಲ್‌ಗೆ ಹೋಗಿಬರುವ ಸುಮಾರು 16,500 ಕಿಲೋಮೀಟರಿನ ಯಾತ್ರೆಯಲ್ಲಿ ಸುಮಾರು 500 ಕಾರುಗಳು ಹೊರಟವು. 1971ರಲ್ಲಿ ಇರಾನಿನ ಪರ್ಸೆಪೊಲಿಸ್‌ಗೆ, 1973ರಲ್ಲಿ ಆಫ್ರಿಕದ ಅಬಿಜಾನ್‌ನಿಂದ ಟ್ಯುನಿಸ್‌ಗೆ ಯಾತ್ರೆಗಳು ನಡೆದವು. ಹೊರಟವರೆಲ್ಲ ತರುಣ ತರುಣಿಯರು. ರಾತ್ರಿ ತಂಗಿದ್ದು ಗುಡಾರಗಳಲ್ಲಿ, ಕೆಟ್ಟ ಕಾರನ್ನು ದುರಸ್ತಿ ಮಾಡಿಕೊಂಡದ್ದು ದಾರಿಯ ಬದಿಯಲ್ಲಿ.

1975ರಲ್ಲಿ ಫಿನ್ಲೆಂಡಿನ ಸೈನಾಯೊಕಿ ಎಂಬಲ್ಲಿ 2ಸಿವಿ ಗೆಳೆಯರ ಮೊದಲ ವಿಶ್ವಕೂಟ ಜರುಗಿತು. ಅಲ್ಲಿಂದೀಚೆಗೆ, ಕೋವಿಡ್ ಕಾಲದ ಅಡ್ಡಿಯೊಂದನ್ನು ಬಿಟ್ಟರೆ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಒಂದೊಂದು ದೇಶದಲ್ಲಿ ಇದು ನಡೆದುಬಂದಿದೆ. 2005ರಲ್ಲಿ ಸ್ಕಾಟ್ಲೆಂಡಿನ ಕೆಲ್ಸೊ, 2011ರಲ್ಲಿ ಫ್ರಾನ್ಸಿನ ಸಾಲ್‌ಬ್ರಿ, 2015ರಲ್ಲಿ ಪೋಲೆಂಡಿನ ತೊರೂನ್, 2017ರಲ್ಲಿ ಪೋರ್ಚುಗಲ್‌ನ ಎರಿಸೈರಾ, 2019ರಲ್ಲಿ ಕ್ರೊಯೇಷಿಯಾದ ಸಮೊಬೊರ್ ಆತಿಥ್ಯ ವಹಿಸಿದ್ದವು. ಸಾವಿರಾರು ಕಾರುಗಳು ಸೇರುವ ಈ ಕೂಟ ಕೆಲವು ದಿನಗಳ ಮಟ್ಟಿಗೆ ಒಂದು ಊರೇ ಆಗಿಬಿಡುತ್ತದೆ. ಬ್ರಿಟನ್ನಿನ ಸದಸ್ಯರು ಗುಂಪುಗಟ್ಟಿಕೊಂಡು ಹಡಗಿನಲ್ಲಿ ಕಾಲುವೆ ದಾಟಿ, ವಾರಗಟ್ಟಲೆ ಹಳ್ಳಿರಸ್ತೆಗಳಲ್ಲಿ ಬಿಡಾರ ಹೂಡುತ್ತ ಅಲ್ಲಿಗೆ ಹೋಗುತ್ತಾರೆ. ತಲುಪುವುದಕ್ಕಿಂತ ದಾರಿಯೇ ಮುಖ್ಯವೆಂಬುದು ಹೋಗಿಬಂದ ಹಲವರ ಅಂಬೋಣ.

ನಾಳೆಯ ಚಿಂತೆ

ಈ ಎಲ್ಲ ಸಂಭ್ರಮದ ನಡುವೆ ಬಿಡಾರದ ಮಾತು ಈಚೆಗೆ ಮೂರು ವಿಷಯಗಳ ಸುತ್ತ ಸುತ್ತುತ್ತಿದೆ. ಪೆಟ್ರೋಲು, ಕಾನೂನು ಮತ್ತು ವಯಸ್ಸು.

2021ರ ಸೆಪ್ಟೆಂಬರ್‌ನಿಂದ ಬ್ರಿಟನ್ನಿನಲ್ಲಿ ಶೇ. 10ರವರೆಗೆ ಎಥೆನಾಲ್ ಬೆರೆತ ಪೆಟ್ರೋಲ್ ಸಾಮಾನ್ಯ ಇಂಧನವಾಯಿತು. ಎಥೆನಾಲ್ ತೇವವನ್ನು ಹೀರುತ್ತದೆ. ಹಳೆಯ ರಬ್ಬರ್ ಕೊಳವೆಗಳನ್ನು, ಸೀಲುಗಳನ್ನು ತಿನ್ನುತ್ತದೆ. ಶೇ. 5ರ ಮಿಶ್ರಣದ ದುಬಾರಿ ಪೆಟ್ರೋಲ್ ಇನ್ನೂ ಸಿಗುತ್ತದೆ. ಅದನ್ನೇ ಹಾಕಿಸಬೇಕೆ ಅಥವಾ ಕೊಳವೆಗಳನ್ನೇ ಬದಲಿಸಬೇಕೆ ಎಂಬುದು ಬಿಡಾರದ ಮುಗಿಯದ ಚರ್ಚೆ. ಶೇ. 20ರ ಮಿಶ್ರಣ ಬಂದಿರುವ ಭಾರತದಲ್ಲಿ ಹಳೆಯ ವಾಹನ ಇಟ್ಟುಕೊಂಡವರಿಗೆ ಈ ಚಿಂತೆ ಹೊಸದಲ್ಲ.

ಕಾನೂನು ಸದ್ಯಕ್ಕೆ ಇವರ ಮೇಲೆ ಕರುಣೆ ತೋರಿದೆ. ಬ್ರಿಟನ್ನಿನಲ್ಲಿ 40 ವರ್ಷ ದಾಟಿದ ಕಾರಿಗೆ ವಾಹನ ತೆರಿಗೆಯ ವಿನಾಯಿತಿಯಿದೆ. 2018ರ ಮೇ ತಿಂಗಳಿಂದ, ಗಣನೀಯ ಬದಲಾವಣೆ ಮಾಡಿರದಿದ್ದರೆ, ವಾರ್ಷಿಕ ಸುರಕ್ಷತಾ ತಪಾಸಣೆಯೂ ಕಡ್ಡಾಯವಲ್ಲ. ಲಂಡನ್ನಿನ ಮಾಲಿನ್ಯ ನಿಯಂತ್ರಣ ವಲಯ 2023ರ ಆಗಸ್ಟ್‌ನಲ್ಲಿ ಇಡೀ ಮಹಾನಗರಕ್ಕೆ ವಿಸ್ತರಿಸಿದಾಗಲೂ 40 ದಾಟಿದವುಗಳಿಗೆ ದಿನದ ಶುಲ್ಕವಿಲ್ಲ. 1980ರ ದಶಕದ ಕೊನೆಯ ಕಾರುಗಳ ಲಂಡನ್ ಮಾಲೀಕರಿಗೆ ಮಾತ್ರ ಇದು ನುಂಗಲಾರದ ತುತ್ತು. ಅವರು ವರ್ಷ ಎಣಿಸುತ್ತಿದ್ದಾರೆ. ಕೊಟ್ಟಕೊನೆಯ 2ಸಿವಿಗೆ 40 ತುಂಬುವುದು 2030ರಲ್ಲಿ. ಕೇವಲ ಪೆಟ್ರೋಲಿನಿಂದ ಓಡುವ ಹೊಸ ಕಾರುಗಳ ಮಾರಾಟವನ್ನು ನಿಲ್ಲಿಸಲು ಬ್ರಿಟನ್ ಸರ್ಕಾರ ಗೊತ್ತುಮಾಡಿರುವುದೂ ಅದೇ ವರ್ಷ.

ಭಾರತದ ನಿಯಮ ಇನ್ನೂ ಬಿಗಿ. 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಹೊರಡಿಸಿದ ನಿಯಮದ ಪ್ರಕಾರ ‘ವಿಂಟೇಜ್’ ಎನಿಸಿಕೊಳ್ಳಲು ವಾಹನಕ್ಕೆ 50 ವರ್ಷ ದಾಟಿರಬೇಕು, ಮೂಲರೂಪ ಉಳಿದಿರಬೇಕು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ‘ವಿಎ’ ಅಕ್ಷರಗಳುಳ್ಳ ಸಂಖ್ಯೆ. ಮುಖ್ಯವಾಗಿ, ಹೀಗೆ ನೋಂದಾಯಿಸಿದ ವಾಹನವನ್ನು ಪ್ರದರ್ಶನ, ರ್‍ಯಾಲಿ, ದುರಸ್ತಿ, ಇಂಧನ ತುಂಬಿಸುವಂಥ ಕೆಲಸಗಳಿಗಲ್ಲದೆ ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. 2ಸಿವಿ ಕ್ಲಬ್ಬಿನವರು ಇದನ್ನು ಓದಿದರೆ ತಲೆಯ ಮೇಲೆ ಕೈಹೊತ್ತಾರು. ಅವರ ಕಾರುಗಳಿಗೆ ನಿತ್ಯದ ಓಡಾಟವೇ ಔಷಧ.

ಮೂರನೆಯದೇ ಹೆಚ್ಚು ಕಠಿಣ. 1978ರಲ್ಲಿ ಇಪ್ಪತ್ತೈದರ ಹರೆಯದಲ್ಲಿದ್ದವರು ಈಗ ಎಪ್ಪತ್ತು ದಾಟಿದ್ದಾರೆ. ಗದ್ದೆಯಲ್ಲಿ ಮಲಗಲು ಬೆನ್ನು ಒಪ್ಪದ ಕೆಲವರು ಹತ್ತಿರದ ವಸತಿಗೃಹದಲ್ಲಿ ಉಳಿದು ಹಗಲು ಮಾತ್ರ ಬಿಡಾರಕ್ಕೆ ಬರುತ್ತಾರೆ. ಇನ್ನೊಂದೆಡೆ, ಒಂದು ಕಾಲಕ್ಕೆ ಬಡ ವಿದ್ಯಾರ್ಥಿಯ ಕಾರಾಗಿದ್ದ 2ಸಿವಿಯ ಬೆಲೆ ಸಂಗ್ರಹಕಾರರ ಪೈಪೋಟಿಯಿಂದ ಏರಿದೆ. ಒಳ್ಳೆಯ ಚಾಸಿಯ ಕಾರು ಇಂದಿನ ವಿದ್ಯಾರ್ಥಿಯ ಕೈಗೆಟಕುವಂತಿಲ್ಲ. ಬೆಲೆ ಏರಿದಷ್ಟೂ ಕಾರು ಗದ್ದೆಗಿಳಿಯಲು ಹೆದರುತ್ತದೆ. ಕಾರಿನ ಬೆಲೆ ಏರುವುದು ಮಾಲೀಕನಿಗೆ ಲಾಭವಾದರೂ ಕ್ಲಬ್ಬಿಗೆ ನಷ್ಟ ಎಂಬುದು ವಿಪರ್ಯಾಸ. ಸದಸ್ಯರ ಮಕ್ಕಳೇ ಈಗ ಭರವಸೆ. ತೊಟ್ಟಿಲಿನ ಕಾಲದಿಂದ ಬಿಡಾರದಲ್ಲಿ ಬೆಳೆದ, ಹತ್ತನೆಯ ವಯಸ್ಸಿಗೇ ಸ್ಪಾನರ್ ಹಿಡಿದ ಹುಡುಗ ಹುಡುಗಿಯರು ಅಪ್ಪ ಅಮ್ಮನ ಕಾರಿನ ಕೀಲಿ ಪಡೆಯುತ್ತಿದ್ದಾರೆ.

ವಿದ್ಯುತ್ ಮೋಟಾರು ಕೂರಿಸುವುದು ಇನ್ನೊಂದು ದಾರಿ. ಹಳೆಯ ಪೆಟ್ರೋಲ್ ಕಾರನ್ನು ವಿದ್ಯುತ್ ಕಾರಾಗಿ ಪರಿವರ್ತಿಸಲು ಫ್ರಾನ್ಸ್ 2020ರ ಮಾರ್ಚ್‌ನಲ್ಲಿ ನಿಯಮ ರೂಪಿಸಿತು. 2ಸಿವಿಗೆಂದೇ ಸಿದ್ಧಪಡಿಸಿದ ಜೋಡಣಾ ಸಾಮಗ್ರಿಯೂ ಅಲ್ಲಿ ಬಂದಿದೆ. ಹಗುರ ದೇಹ, ಸರಳ ರಚನೆಯ ಈ ಕಾರಿಗೆ ಅದು ಹೊಂದುತ್ತದೆ ಎನ್ನುವವರಿದ್ದಾರೆ. ಎರಡು ಸಿಲಿಂಡರಿನ ಆ ಸದ್ದೇ ಇಲ್ಲದ ಮೇಲೆ ಅದು 2ಸಿವಿ ಹೇಗಾದೀತು ಎಂದು ಕೇಳುವವರೂ ಇದ್ದಾರೆ. ಗದ್ದೆಯಲ್ಲಿ ಚಾರ್ಜ್ ಮಾಡುವುದೆಲ್ಲಿ ಎಂಬ ಪ್ರಶ್ನೆಯಂತೂ ಇದ್ದೇ ಇದೆ.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಗುಡಾರಗಳು ಮಡಚಿಕೊಳ್ಳುತ್ತವೆ. ಸೀಟುಗಳು ಮತ್ತೆ ಕಾರಿನೊಳಗೆ ಹೋಗುತ್ತವೆ. ಆತಿಥೇಯ ಗುಂಪಿನ ಇಬ್ಬರು ಹುಲ್ಲಿನ ಮೇಲೆ ಕಸ ಆಯುತ್ತ ಸಾಗುತ್ತಾರೆ. ಹೊಲದ ಮಾಲೀಕ ಮುಂದಿನ ವರ್ಷವೂ ಜಾಗ ಕೊಡಬೇಕಲ್ಲ. ಹೊರಡುವವರು ಮನೆ ಸೇರಿದೊಡನೆ ಗುಂಪಿನ ಒಬ್ಬರಿಗೆ ಫೋನ್ ಮಾಡಬೇಕೆಂಬ ರೂಢಿ ಕೆಲವು ಗುಂಪುಗಳಲ್ಲಿದೆ. ಫೋನ್ ಬರದಿದ್ದರೆ ಹತ್ತಿರದ ಸದಸ್ಯರೊಬ್ಬರು ಉಪಕರಣದ ಪೆಟ್ಟಿಗೆ ಹಿಡಿದು ಆ ದಾರಿಯಲ್ಲಿ ಹುಡುಕಿಕೊಂಡು ಹೊರಡುತ್ತಾರೆ.